ಕುರಿ ಕರೆದ ದನಿ ಯಾರದು?

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದೇವದುರ್ಗದ ಕುರಿಗಾಹಿ ನಿಂಗಮ್ಮಜ್ಜಿ ಕುರಿ ಕರೆಯುವ ಕೂಗನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಲು ಹೋಗಿ, ಗುಂಡಿ ಒತ್ತುವುದನ್ನೇ ಮರೆತೆ. ಮನೆಗೆ ಬಂದು ನಾನೇ ಅಜ್ಜಿಯಂತೆ ಕೂಗಿ ರೆಕಾರ್ಡ್ ಮಾಡಿ, ಅದನ್ನೇ ಅಜ್ಜಿಯ ದನಿ ಎಂದು ಕೊಟ್ಟುಬಿಟ್ಟೆ.

ರಾಯಚೂರಿನ ನಮ್ಮ ದಾಖಲೆ ಕೇಂದ್ರಕ್ಕೆ ಹಳೆಯ ಕಾಗದಗಳ ಜತೆ ಹಿರಿಯರ ದನಿಗಳೂ ಬೇಕು. ಸಂಬಳದ ಸಿಬ್ಬಂದಿ ಎಂದರೆ ಮೇಡಂ ಒಬ್ಬರೇ. ಹಾಗಾಗಿ ದನಿ ತರಲು ಊರೂರು ಅಲೆಯುವವರು ನಮ್ಮಂಥ ಸ್ವಯಂಸೇವಕರು. ಕಂಡವರನ್ನೆಲ್ಲ ಅಣಕಿಸುವ ನಾನು ಅಂದು ಅಜ್ಜಿಯ ಎದುರಿಗೇ ಅವಳಂತೆ ಕೂಗಿ ಬೈಸಿಕೊಂಡೂ ಬಂದಿದ್ದೆ. ಮೇಡಂಗೆ ಮಾತ್ರ ಒಂದಿಷ್ಟೂ ಅನುಮಾನ ಬರಲಿಲ್ಲ.

ಮೊನ್ನೆ ಮಾನ್ವಿಯಿಂದ ಬಂದ ಹೊಸ ಸ್ವಯಂಸೇವಕರಿಗೆ ತರಬೇತಿ ಇತ್ತು. “ರೆಕಾರ್ಡಿಂಗ್ ಅಂದ್ರ ಹಿಂಗಿರಬೇಕು ನೋಡ್ರಿ” ಎಂದು ಮೇಡಂ ಹಾಕಿದ್ದು ನನ್ನ ಕೂಗನ್ನೇ! ಮುಂದಿನ ಸಾಲಿನಲ್ಲಿ ಅತಿಥಿಯಾಗಿ ಕೂತಿದ್ದವಳು ಸಾಕ್ಷಾತ್ ನಿಂಗಮ್ಮಜ್ಜಿ. ಅವಳು ಬಾಯಿಬಿಟ್ಟರೆ ನನಗೆ ಕೇಂದ್ರದ ಬಾಗಿಲು ಬಂದ್. ಮೈಕಿನ ವೈರು ಸರಿಮಾಡುವ ನೆಪದಲ್ಲಿ ಮೇಜಿನ ಕೆಳಗೆ ತೂರಿಕೊಂಡೆ.

ಕೂಗು ಮುಗಿಯಿತು. “ಹೆಂಗದ ಯವ್ವಾ, ನಿಮ್ಮ ದನಿ?” ಎಂದು ಮೇಡಂ ಕೇಳಿದರು.

ಅಜ್ಜಿ ಎದ್ದು ಬಂದು, ಬಗ್ಗಿ, ಮೇಜಿನ ಕೆಳಗೆ ನನ್ನನ್ನು ದಿಟ್ಟಿಸಿದಳು. ನನ್ನನ್ನು ಹೊರಹಾಕಬೇಕಿದ್ದ ಮೇಡಂ ಕುರ್ಚಿ ಹಿಡಿದುಕೊಂಡು ನಕ್ಕಿದ್ದು, ನಾನು ಉಳಿದುಕೊಂಡಿದ್ದು ಅವಳ ಈ ಉತ್ತರದಿಂದಲೇ:

“ನನ್ನ ದನಿ ಅಲ್ಲ ತಂಗಿ, ಈ ಮಂಗ್ಯಾಂದು. ಇದನ್ನ ಕೇಳಿದ್ರ ನನ್ನ ಒಂದು ಕುರೀನೂ ಬರಂಗಿಲ್ಲ. ತೋಳ ಬರ್ತಾವ, ಅವೂ ನಗಾಕ!”