ಮೇ ತಿಂಗಳಲ್ಲಿ ಅವರೆಬೇಳೆ

ಬೆಳಗ್ಗೆ ಹಾಲು ಕಾಯಿಸಿದೆ. ನಲ್ಲಿ ನಿಲ್ಲುವ ಮುಂಚೆ ಕೂಲರಿಗೆ ನೀರು ತುಂಬಿದೆ. ಬಾಲ್ಕನಿಯ ಧೂಳು ಒರೆಸಿದೆ. ಬಿಸಿಗಾಳಿ ಎದ್ದ ಮೇಲೆ ಮತ್ತೆ ಒರೆಸಿದೆ. ಮಗಳ ಯೂನಿಫಾರ್ಮಿಗೆ ಗುಂಡಿ ಹೊಲಿದೆ. ತರಕಾರಿ ಭಯ್ಯಾನ ಗಾಡಿಯಲ್ಲಿದ್ದ ತೆಂಗಿನಕಾಯಿಗಳನ್ನೆಲ್ಲ ಅಲ್ಲಾಡಿಸಿ ನೋಡಿ ಒಂದನ್ನು ಕೊಂಡೆ. ಆಮೇಲೆ ಫ್ರೀಜರಿನ ಬಾಗಿಲು ತೆಗೆದೆ. ವಸಂತ್ ಕುಂಜಿನ ನಮ್ಮ ಫ್ಲಾಟಿನಲ್ಲಿ ಆ ಭಾನುವಾರದ ದೊಡ್ಡ ಕೆಲಸ ಅದೇ.

ಒಳಗಿದ್ದದ್ದು ಹಿತಕಿದ ಅವರೆಬೇಳೆ. ನಮ್ಮತ್ತೆ ಪ್ರತಿ ಚಳಿಗಾಲ ಮೈಸೂರಿನಿಂದ ರೈಲಿನಲ್ಲಿ ಒಂದು ಚೀಲ ಅವರೆಕಾಯಿ ಹೊತ್ತು ಬಂದು, ಬೇಸಿಗೆ ಮುಗಿಯುವವರೆಗೆ ನಮ್ಮ ಜೊತೆ ಇರುತ್ತಿದ್ದರು. ಹಿಂದಿನ ವರ್ಷ ಮಾಮೂಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಬೇಳೆ ಹೋಳಿಯ ಹೊತ್ತಿಗೆ ಹಿಮ ಹಿಡಿದು, ಸುಕ್ಕುಗಟ್ಟಿ, ಎಲ್ಲವನ್ನೂ ಎಸೆದಿದ್ದೆವು. ಈ ಸಲ ಚೀಲ ಇಳಿಸುತ್ತಲೇ ಅತ್ತೆ ಹೇಳಿದ್ದರು: "ಇದೂ ಕಸದ ಬುಟ್ಟಿಗೆ ಹೋದ್ರೆ ಇನ್ನು ಮುಂದೆ ನಾನು ತರೋಲ್ಲ ಕಣಮ್ಮ." ಆಡಿದ ಮಾತು ಬದಲಿಸುವವರಲ್ಲ ಅವರು. ದೆಹಲಿಯಲ್ಲಿ ಬಟಾಣಿ ಬೇಕಾದಷ್ಟು ಸಿಗುತ್ತದೆ. ಅವರೆಯ ಆ ಸೊಗಡು ಎಲ್ಲಿಂದ ತರುವುದು?

ಅದಕ್ಕೇ ಕರೋಲ್ ಬಾಗಿಗೆ ಹೋಗಿ, ಚೀಲದ ಗಾಳಿ ಹೀರಿ ಬಾಯಿ ಬೆಸೆಯುವ ವ್ಯಾಕ್ಯೂಮ್ ಸೀಲರ್ ತಂದೆ. ಅಂಗಡಿಯವನು ಮೊದಲು ಕೈಪಂಪಿನ ಡಬ್ಬಗಳನ್ನು ತೋರಿಸಿದ. ನಮ್ಮ ಫ್ರೀಜರಿನಲ್ಲಿ ಡಬ್ಬಕ್ಕೆ ಜಾಗವೆಲ್ಲಿ? ಚೀಲವಾದರೆ ಚಪ್ಪಟೆಯಾಗಿ ಮಲಗುತ್ತದೆ. ಆಮೇಲೆ ಅವನು ರಾಜ್ಮಾ ತುಂಬಿದ ಚೀಲವನ್ನು ಮೆಷಿನ್ನಿಗೆ ಕೊಟ್ಟು ಗುಂಡಿ ಒತ್ತಿದ. ಗುಂಯ್ ಎಂದು ಚೀಲ ಕಾಳಿಗೆ ಅಂಟಿಕೊಂಡಿತು. "ದೇಖಿಯೇ ಆಂಟಿ, ಪತ್ಥರ್!" ಅಂದ, ಕಲ್ಲಿನಷ್ಟು ಗಟ್ಟಿಯಂತೆ. ನಾನು ಒಪ್ಪಿಬಿಟ್ಟೆ.

ರಾಜ್ಮಾ ಒಣಕಾಳು ಅನ್ನುವುದು ಆಗ ಹೊಳೆಯಲಿಲ್ಲ. ನಮ್ಮದು ನೀರಿನಲ್ಲಿ ನೆನೆಸಿ, ಮನೆಮಂದಿಯೆಲ್ಲ ಸುತ್ತ ಕೂತು ಒಂದೊಂದಾಗಿ ಹಿತಕಿ ಸಿಪ್ಪೆ ಬಿಡಿಸಿದ ಬೇಳೆ, ಮೈಯೆಲ್ಲ ನೀರು. ಸೀಲ್ ಮಾಡಿದಾಗ ಚೆನ್ನಾಗಿಯೇ ಕಂಡಿತು. ಸಂಜೆ ನೋಡಿದರೆ ಚೀಲಗಳೆಲ್ಲ ಸಡಿಲ.

"ನಿನ್ನ ಮೆಷಿನ್ನು ಉಸಿರು ಬಿಡ್ತಾ ಇದೆ ನೋಡೇ," ಅಂದರು ಅತ್ತೆ.

"ದಿಲ್ಲಿ ಚಳಿ ಅಲ್ವಾ ಅಮ್ಮ, ಅದಕ್ಕೂ ಶೀತ ಆಗಿದೆ," ಅಂತ ನಮ್ಮ ಯಜಮಾನರು ಸೇರಿಸಿದರು.

"ನಗಿ, ನಗಿ. ಬೇಸಿಗೇಲಿ ತಟ್ಟೆ ಹಿಡ್ಕೊಂಡು ಬರ್ತೀರಲ್ಲ, ಆಗ ಮಾತಾಡೋಣ," ಅಂದೆ.

ಚೀಲದ ಬಾಯಿಯನ್ನು ಬೆರಳಿನಿಂದ ಸವರಿದೆ. ಒದ್ದೆ. ಗಾಳಿಯ ಜೊತೆ ನೀರೂ ಮೇಲೇರಿ ಬೆಸುಗೆಯ ಜಾಗಕ್ಕೆ ಬಂದು, ಬೆಸುಗೆ ಸರಿಯಾಗಿ ಕೂತಿರಲಿಲ್ಲ. ಹಾಗಾದರೆ ಮೊದಲು ನೀರನ್ನೇ ಗಟ್ಟಿ ಮಾಡಿಬಿಡೋಣ ಎನಿಸಿತು. ಬೇಳೆಯನ್ನು ಬಟ್ಟೆಯ ಮೇಲೆ ಆರಿಸಿ, ಸ್ಟೀಲ್ ತಟ್ಟೆಗಳಲ್ಲಿ ತೆಳ್ಳಗೆ ಹರಡಿ ಫ್ರೀಜರಿನಲ್ಲಿಟ್ಟೆ. ಮಾರನೆಯ ದಿನ ತಟ್ಟೆ ಅಲ್ಲಾಡಿಸಿದರೆ ಗೋಲಿಗಳ ಹಾಗೆ ಗಲಗಲ ಎಂದವು. ಹೊಸ ಚೀಲಕ್ಕೆ ಸುರಿದು, ಬಾಯಿಯ ಒಳಗನ್ನು ಒರೆಸಿ, ಕರಗುವ ಮೊದಲೇ ಗುಂಡಿ ಒತ್ತಿದೆ. ಆ ಚೀಲಗಳು ಸಡಿಲಾಗಲೇ ಇಲ್ಲ. ಫ್ರೀಜರ್ ತೆಗೆದಾಗಲೆಲ್ಲ ಒತ್ತಿ ನೋಡುತ್ತಿದ್ದೆ.

ಆದರೆ ರುಚಿ? ಅದು ಗೊತ್ತಾಗಬೇಕಾದದ್ದು ಆ ಭಾನುವಾರವೇ. ಚೀಲ ಕತ್ತರಿಸಿದರೆ ಹಿಮದ ಚೂರೂ ಇಲ್ಲ. ಕುದಿಯುವ ನೀರಿಗೆ ಬೇಳೆ ಬಿದ್ದದ್ದೇ ತಡ, ಸೊಗಡು ಎದ್ದು ಮನೆಯೆಲ್ಲ ಹರಡಿತು.

"ಅಮ್ಮಾ, ಅವರೆಕಾಳಾ? ಸಚ್ಚೀ? ಇಷ್ಟು ಗರ್ಮೀಲಿ?" ಮಗಳು ಓಡಿ ಬಂದಳು.

ಅವಳ ಹಿಂದೆಯೇ ಅತ್ತೆ. ಒಂದು ಬೇಳೆ ಚಮಚದಲ್ಲಿ ತೆಗೆದು, ಊದಿ, ಬಾಯಿಗೆ ಹಾಕಿಕೊಂಡರು. ನಾನು ಸೌಟು ಹಿಡಿದೇ ನಿಂತೆ. ಅವರು ಮತ್ತೊಂದು ತೆಗೆದುಕೊಂಡರು.

"ಸಂಕ್ರಾಂತೀಲಿ ಹಿತಕಿದ್ವಲ್ಲ, ಅದೇನೇ ಇದು?"

"ಅದೇ ಅತ್ತೆ."

"ಹಾಗಾದ್ರೆ ಮುಂದಿನ ಸಲ ಎರಡು ಚೀಲ ತರ್ತೀನಿ. ನಿನ್ನ ಗಂಡ ಸ್ಟೇಷನ್ನಿಗೆ ಬಂದು ಹೊರಲಿ, ನಗ್ತಿದ್ನಲ್ಲ!"

ಆ ಖುಷಿಗೆ ಒಗ್ಗರಣೆಗೆ ಇನ್ನೊಂದು ಚಮಚ ತುಪ್ಪ ಹಾಕಿದೆ. ಮಧ್ಯಾಹ್ನ ಹಿತಕಿದ ಬೇಳೆ ಸಾರು, ಅಕ್ಕಿರೊಟ್ಟಿ, ಮೊಸರು. ಯಜಮಾನರು ತಟ್ಟೆ ಹಿಡಿದು ಬಂದು ಮೂರು ಸಲ ಬಡಿಸಿಕೊಂಡರು. ಪಾತ್ರೆಯ ತಳ ಕೆರೆದವಳು ಮಗಳು. ಊಟವಾದ ಮೇಲೆ ಕೂಲರಿನ ಮುಂದೆ ಚಾಪೆ ಹಾಸಿಕೊಂಡೆವು. ಅಡುಗೆಮನೆ ಹಾಗೇ ಹರಡಿಕೊಂಡಿರಲಿ ಎಂದು, ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ನಾನೇ.