ಅಕ್ಕೋಳದಿಂದ ಒಬ್ಬಳೇ ಮರಳಿದ್ದು

ರೂತಾ, ದಾವೀದಾ, ನನ್ನ ಅವಳಿ ಮೊಮ್ಮಕ್ಕಳೇ, ನಿಮ್ಮ ಅವ್ವ ಸಾರಾಳನ್ನು ಬಾಣಂತನಕ್ಕೆ ಕರೆತರಲು ನಾನು ಪಾಲಬಾವಿಯಿಂದ ಅಕ್ಕೋಳಕ್ಕೆ ಹೋದದ್ದನ್ನು ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು ನಾನು. ಎದುರಿಗೆ ಕೂತು ಹೇಳಲು ನನಗೆ ಬಾಯಿ ಏಳುವುದಿಲ್ಲ.

ಇಸವಿ ಎಂಬತ್ತೇಳು ಇರಬೇಕು, ಚಳಿಗಾಲ. ನಿಮ್ಮ ಅಜ್ಜ ತೀರಿಕೊಂಡು ವರ್ಷವಾಗಿತ್ತು. ಸಾರಾಳಿಗೆ ಎಂಟು ತಿಂಗಳು ತುಂಬಿದರೂ ಬೀಗರು ಕಳಿಸಿರಲಿಲ್ಲ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ ಮಾಡಿ, ಬುತ್ತಿಯ ಬುಟ್ಟಿಯನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಮುಂಜಾನೆಯ ಬಸ್ಸು ಹತ್ತಿದೆ. ತವರಿನಿಂದ ಬಂದ ಬುತ್ತಿಯನ್ನು ಗಂಡನ ಮನೆಯವರು ಬಿಚ್ಚಿ ಓಣಿಗೆಲ್ಲ ಬೀರುತ್ತಾರೆ. ಬಸುರಿಯನ್ನು ಕರೆಯಲು ತವರು ಬಂದಿದೆ ಎಂದು ಓಣಿಗೆ ತಿಳಿಯುವುದು ಹಾಗೆ.

ರಾಯಬಾಗದ ದಾರಿಯಲ್ಲಿ ಕಬ್ಬಿನ ಗಾಡಿಗಳು ಅಡ್ಡವಾಗಿ ಬಸ್ಸು ಬಹಳ ಹೊತ್ತು ನಿಂತಿತು. ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಬೇಕಿತ್ತು. ಪೇರಲ ಹಣ್ಣು ಮಾರುವ ಮುದುಕಿ ಬುಟ್ಟಿ ನೋಡಿ, “ಮಗಳನ್ನ ಕರಿಯಾಕ ಹೊಂಟೀರೇನ? ಒಬ್ಬರ?” ಎಂದು ಕೇಳಿದಳು.

“ಹೌದ್ರಿ.”

“ಇಷ್ಟ ಮೆತ್ತಗ ಮಾತಾಡಿದ್ರ ಮಗಳನ್ನಲ್ಲ, ಒಂದ ಕೋಳಿನೂ ಕೊಡಾಂಗಿಲ್ಲ ಅವರು” ಎಂದು ನಕ್ಕಳು. ನಾನೂ ನಕ್ಕೆ.

ನಿಪ್ಪಾಣಿ ಹತ್ತಿರವಾದಂತೆ ತಂಬಾಕಿನ ಘಾಟಿಗೆ ಬಸ್ಸಿನಲ್ಲಿದ್ದವರೆಲ್ಲ ಸೀನತೊಡಗಿದರು. ಅಲ್ಲಿಂದ ಟೆಂಪೊ ಹಿಡಿದು ಮಧ್ಯಾಹ್ನದ ಬಿಸಿಲಿಗೆ ಅಕ್ಕೋಳ ಮುಟ್ಟಿದೆ. ಓಣಿಯವರೆಲ್ಲ ಹೊಲಕ್ಕೆ ಹೋಗಿದ್ದರು. ಅಳಿಯ ತಂಬಾಕು ತುಂಬಿಡುವ ವಖಾರಿಗೆ ಕೆಲಸಕ್ಕೆ ಹೋಗಿದ್ದ, ಮನೆಗೆ ಬರುವುದು ವಾರಕ್ಕೊಮ್ಮೆ. ಸಾರಾ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಹೊಟ್ಟೆ ಎಷ್ಟು ದೊಡ್ಡದಿತ್ತೆಂದರೆ ಮೊರ ನಿಲ್ಲುತ್ತಿರಲಿಲ್ಲ. ಅವಳ ಸೀರೆಗಳ ಚೀಲ ಬಾಗಿಲ ಹಿಂದೆ ತಯಾರಾಗಿತ್ತು.

“ಅವ್ವಾ, ಇವತ್ತ ಹೋಗೂಣೇನಬೇ?” ಎಂದಳು.

ಬೀಗತಿ ಒಳಗಿನಿಂದ ಬಂದು ಬುಟ್ಟಿ ನೋಡಿದರು. “ಗಂಡನ್ನ ಕಳಕೊಂಡಾಕಿ ಬುತ್ತಿ ಹೊತ್ಕೊಂಡ ಬಂದಾಳ! ಇದನ್ನ ಓಣ್ಯಾಗ ಹೆಂಗ ಬೀರಲಿ?”

ನನಗೆ ಇದು ಹೊಳೆದೇ ಇರಲಿಲ್ಲ. ಅವರೂ ನಮ್ಮಂತೆಯೇ ಭಾನುವಾರ ಚರ್ಚಿನ ಪ್ರಾರ್ಥನೆಗೆ ಹೋಗುವವರು. ವಿಧವೆಯ ಕೈ ನಮ್ಮಲ್ಲಿ ಅಶುಭವಲ್ಲ ಎಂದುಕೊಂಡಿದ್ದೆ.

“ನಾವು ವಿಶ್ವಾಸಿಗಳಲ್ರಿ, ಅಕ್ಕಾರ” ಎಂದೆ.

“ವಿಶ್ವಾಸ ಭಾನುವಾರಕ್ಕ. ಓಣಿ ದಿನಾ ಇರ್ತೈತಿ.” ಬುಟ್ಟಿಯನ್ನು ಒಳಗೊಯ್ದು ಕಾಳಿನ ಚೀಲಗಳ ಹಿಂದೆ ಇಟ್ಟರು. “ಮತ್ತ ಇಕಿ ಹೋದ್ರ ಬೀಡಿ ಯಾರ ಕಟ್ಟತಾರ? ನಿಮ್ಮ ಉಪದೇಶಿ ಬಂದ ಕಟ್ಟತಾನೇನ?”

“ಇಕಿನ್ನ ಕಳಸ್ರಿ. ನಾ ಇಲ್ಲಿ ಕುಂತ ಕಟ್ತೇನ್ರಿ.”

“ಕಟ್ಟ, ನೋಡೂಣು.”

ಒಳಗೇ ಕೂತು ಸಂಜೆಯವರೆಗೆ ಕಟ್ಟಿದೆ. ಎಲೆ ಸುತ್ತಿದರೆ ಪುಡಿ ಉದುರುತ್ತಿತ್ತು, ದಾರ ಬಿಗಿದರೆ ಎಲೆ ಹರಿಯುತ್ತಿತ್ತು. ಬೀಗತಿ ಒಂದನ್ನೆತ್ತಿ ನನ್ನ ಮಡಿಲಿಗೆ ಎಸೆದು, “ಇದ ಬೀಡಿ ಏನ, ದೀಪದ ಬತ್ತಿ ಏನ?” ಎಂದರು. ಸಾರಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ಬೇಗ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಕೇಳಿದೆ. “ಇಲ್ಲೇ ಹಡೀತಾಳ. ಸೂಲಗಿತ್ತಿ ಇಲ್ಲೂ ಅದಾಳ. ಮಂದಿ ಹೊರಗ ಬರೂದರಾಗ ನೀವು ಹೊಂಡ್ರಿ” ಎಂದರು. ಅವರ ಕಾಲು ಹಿಡಿದೆ. ಅವರು ಕಾಲು ಎಳೆದುಕೊಂಡರು.

ಬೈದವರನ್ನು ಬೈಯಬಾರದು, ನೋಯಿಸಿದವರಿಗಾಗಿ ಬೇಡಿಕೊಳ್ಳಬೇಕು ಎಂದು ನಮ್ಮೂರ ಚರ್ಚಿನ ಉಪದೇಶಿಗಳು ವಾರವಾರ ಹೇಳಿದ್ದು ನನ್ನ ಎದೆಯಲ್ಲಿತ್ತು. “ದೇವರು ನಿಮ್ಮನ್ನ ಛಲೋ ಇಡಲಿ, ಅಕ್ಕಾರ” ಎಂದೆ.

ಸಾರಾ ನನ್ನ ಸೆರಗು ಹಿಡಿದಳು. “ಒಂದ ಮಾತರ ಆಡಬೇ, ಅವ್ವಾ. ಜೋರ ಮಾಡಬೇ. ಓಣಿ ಕೇಳಲಿ.”

ನಾನು ಆಡಲಿಲ್ಲ. ಬೀಗತಿ ಬುಟ್ಟಿಯನ್ನು ತಂದು ಕೈಗೆ ಕೊಟ್ಟರು. ಗಂಟು ನಾನು ಕಟ್ಟಿದ ಹಾಗೆಯೇ ಇತ್ತು. ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ಸಾರಾ ಬಾಗಿಲಿಗೆ ಬಂದಿರಲಿಲ್ಲ. ಕೆಮ್ಮು ಮಾತ್ರ ಕೇಳಿತು. ನಿಪ್ಪಾಣಿಯಿಂದ ಚಿಕ್ಕೋಡಿ, ಚಿಕ್ಕೋಡಿಯಿಂದ ರಾಯಬಾಗ, ಯಾವ ಊರೂ ಕಣ್ಣಿಗೆ ಹತ್ತಲಿಲ್ಲ. ದಾರಿಯುದ್ದಕ್ಕೂ ಪ್ರಾರ್ಥನೆ ಮಾಡಿದೆ.

ತಿಂಗಳು ತುಂಬುವ ಮೊದಲೇ ಸುದ್ದಿ ಬಂತು. ನೀವಿಬ್ಬರೂ ಹುಟ್ಟಿದ್ದಿರಿ, ಅವಳು ಉಳಿದಿರಲಿಲ್ಲ. ಮಣ್ಣಿಗೆ ಹೋದಾಗ ಓಣಿಯ ಹೆಂಗಸರು ನನ್ನ ಮುಂದೆಯೇ ಆಡಿಕೊಂಡರು: “ಪಾಪ, ತವರಾಗಿಂದ ಒಂದ ಬುತ್ತಿನೂ ಬರಲಿಲ್ಲ. ಕರಿಯಾಕ ಒಂದ ಹುಳಾನೂ ಬರಲಿಲ್ಲ.” ಬೀಗತಿ ಅಲ್ಲೇ ನಿಂತಿದ್ದರು. ನಾನು ಆಗಲೂ ತಲೆ ತಗ್ಗಿಸಿದೆ.

ಉಪದೇಶಿಗಳು ನನ್ನ ಸೈರಣೆಯನ್ನು ಸಭೆಯಲ್ಲಿ ಹೊಗಳಿದರು. ಜಗಳವಾಡಬಲ್ಲವರು ತಡೆದುಕೊಂಡರೆ ಅದನ್ನು ಸೈರಣೆ ಎನ್ನಬಹುದು. ಹುಟ್ಟಿನಿಂದಲೂ ಮಂದಿಯ ಮುಂದೆ ಮಾತಾಡದ ನಾನು ಏನನ್ನು ತಡೆದುಕೊಂಡೆ? ದೇವರನ್ನು ಎಷ್ಟೋ ಸಲ ಕೇಳಿದ್ದೇನೆ. ಈಗ ಕೇಳುವುದನ್ನೂ ಬಿಟ್ಟಿದ್ದೇನೆ.

ಆ ಮನೆಯಲ್ಲೇ ಬೆಳೆದ ನೀವೂ ತವರಿನಿಂದ ಯಾರೂ ಬರಲಿಲ್ಲ ಎಂಬ ಮಾತನ್ನೇ ಕೇಳಿರುತ್ತೀರಿ. ಅಲ್ಲಿಯ ನಿಮ್ಮ ಅಜ್ಜಿಯ ಮೇಲೆ ಸಿಟ್ಟು ಮಾಡಬೇಡಿರಿ. ನಿಮಗೆ ಉಣಿಸಿದವರು ಅವರು. ಆದರೆ ನಿಮ್ಮ ಅವ್ವನನ್ನು ಕರೆಯಲು ನಾನು ಬಂದಿದ್ದೆ, ಮಕ್ಕಳೇ. ಬಂದಿದ್ದೆ ಎನ್ನುವುದಕ್ಕೆ ಈ ಹಾಳೆಗಳನ್ನು ಬಿಟ್ಟರೆ ಬೇರೇನೂ ಇಲ್ಲ. ಇವನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ.