ಸುಮ್ಮನೆ ಕೂಡುವ ಕೆಲಸ

ಶಹಾಪುರದ ನುಜ್ಹತ ಏನು ಕೆಲಸ ಮಾಡುತ್ತಾಳೆಂದು ಓಣಿಯವರಿಗೆ ಇವತ್ತಿಗೂ ತಿಳಿಯದು. ಮಾಳಿಗೆಯ ಕೋಣೆಯಲ್ಲಿ ಕೂತು ಅವಳು ನೋಡಿಕೊಳ್ಳುವುದು ಕಂಪ್ಯೂಟರಿನ ಕರ್ನಲ್, ಅಂದರೆ ಉಳಿದೆಲ್ಲ ತಂತ್ರಾಂಶವನ್ನು ಹೊತ್ತು ನಿಂತ ತಳಪಾಯ. ಅಲ್ಲಿ ತೆರೆಮರೆಯಲ್ಲಿ ನಡೆಯುವ ಕೆಲಸಗಳು ಗಕ್ಕನೆ ನಿಲ್ಲಬಾರದು. ಮೆಮೊರಿ ತುಂಬಿದರೆ ಅದನ್ನು ಖಾಲಿ ಮಾಡಲು ಒಬ್ಬ ಕೆಲಸಗಾರ, ಅಂದರೆ ಅದಕ್ಕೆಂದೇ ಓಡುವ ತಂತ್ರಾಂಶದ ತುಣುಕು, ಬೇಕು. ಹೊಸ ಕೆಲಸಗಾರನನ್ನು ಹುಟ್ಟಿಸಲು ಮೆಮೊರಿಯೇ ಬೇಕು. ಆ ಗಳಿಗೆಗೆಂದೇ ಒಬ್ಬನನ್ನು ಮೊದಲೇ ಹುಟ್ಟಿಸಿ, ಬೇರೇನೂ ಹಚ್ಚದೆ ಕೂರಿಸಿರುತ್ತಾರೆ. ಸುಮ್ಮನೆ ಕೂತಿದ್ದಾನಲ್ಲ ಎಂದು ಕಳೆದ ತಿಂಗಳು ನುಜ್ಹತ ಅವನಿಗೊಂದು ಚಿಲ್ಲರೆ ಕೆಲಸ ಹಚ್ಚಿದಳು. ಮೆಮೊರಿ ತುಂಬಿದ ಗಳಿಗೆಯಲ್ಲಿ ಅವನ ಕೈ ಖಾಲಿ ಇರಲಿಲ್ಲ, ಯಂತ್ರ ಕಲ್ಲಾಗಿ ಕೂತಿತು. ತಪ್ಪು ಸಿಕ್ಕಾಗ ಹಣೆ ಬಡಿದುಕೊಂಡು ಸರಿಮಾಡಿದಳು.

ಅವಳ ಅಣ್ಣ ತೌಫೀಕ್ ಮದುವೆ ಅಡುಗೆಯ ಬಾವರ್ಚಿ. ಅಪ್ಪನ ಕಾಲದಿಂದ ಅವನ ತಂಡದಲ್ಲೂ ಒಬ್ಬ ಖಾಲಿ ಕೈಯವನಿದ್ದಾನೆ, ವಯಸ್ಸಾದ ಫಕೀರಸಾಬ ಚಾಚಾ. ಕುರ್ಚಿಯಲ್ಲಿ ಕೂತು ಒಲೆಗಳ ಮೇಲೆ ಕಣ್ಣಿಡುವುದು, ಎಲ್ಲರ ಕೈ ಸಿಕ್ಕಿಬಿದ್ದಾಗ ಎದ್ದು ಓಡುವುದು, ಇಷ್ಟೇ ಅವನ ಕೆಲಸ.

“ಕೂತು ಉಣ್ಣಾಂವಗ ಕುಡಿಕಿ ಹೊನ್ನೂ ಸಾಲಂಗಿಲ್ಲ. ಇದೊಂದು ಮದುವಿ ಆಗ್ಲಿ, ಚಾಚಾನ್ನ ಬಿಡಸ್ತೇನಿ,” ಎಂದ ತೌಫೀಕ್, ವನದುರ್ಗದ ಮದುವೆ ಚಪ್ಪರದ ಹಿಂದೆ.

“ಭಾಯಿ, ಅವರು ಖಾಲಿ ಕುಂತಾರಂತನ ನಿನ್ನ ಕೆಲಸ ನಡದೈತಿ,” ಎಂದಳು ಅದೇ ಮದುವೆಗೆ ಬಂದಿದ್ದ ನುಜ್ಹತ.

“ನಿನ್ನ ಕಂಪ್ಯೂಟರ್ ಮಾತು ಮಾಳಿಗಿ ಮ್ಯಾಗ ಇಟ್ಗೊ.”

ಇದೆಲ್ಲ ಚಾಚಾನ ಕಿವಿಗೆ ಬಿತ್ತು. ಮರ್ಯಾದಸ್ಥ ಮನುಷ್ಯ, ಪುಕ್ಕಟೆ ಅನ್ನ ತನಗೆ ಹರಾಮೆಂದು ಕುರ್ಚಿ ಬಿಟ್ಟು ನೆಲಕ್ಕೆ ಕೂತ. ಮಡಿಲ ತುಂಬ ಉಳ್ಳಾಗಡ್ಡಿ ಹಾಕಿಕೊಂಡು ಸುಲಿಯತೊಡಗಿದ. ಅದನ್ನು ಕಂಡು ನುಜ್ಹತಳಿಗೆ ಕಲ್ಲಾಗಿ ಕೂತ ತನ್ನ ಯಂತ್ರ ನೆನಪಾಯಿತು.

ಅನ್ನ ಬಸಿಯುವ ಹೊತ್ತು. ತೌಫೀಕ್ ಮತ್ತು ಅವನ ಜೊತೆಗಾರ ಕುದಿಯುವ ಹಂಡೆ ಎತ್ತಿ ಬಾಗಿಸಿದ್ದೇ ತಡ, ಅನ್ನ ಸೋಸಲು ಮುಂದಿಟ್ಟ ಬುಟ್ಟಿ ಜಾರಿ ಉರುಳಿತು. ಬುಟ್ಟಿಯಿಲ್ಲದೆ ಬಸಿಯುವಂತಿಲ್ಲ, ಹಂಡೆ ಬಿಡದೆ ಬುಟ್ಟಿ ತರುವಂತಿಲ್ಲ. ತಂಡದ ಉಳಿದಿಬ್ಬರ ಕೈಯಲ್ಲೂ ಇನ್ನೊಂದು ಹಂಡೆ.

“ಚಾಚಾ!”

ಚಾಚಾ ಏಳಲು ಹೋದ. ಕುರ್ಚಿಯಿಂದಾದರೆ ಚಟ್ಟನೆ ಏಳುತ್ತಿದ್ದ. ನೆಲದಿಂದ ಏಳಲು ಮಂಡಿ ಒಪ್ಪಲಿಲ್ಲ. ಚಪ್ಪರದ ಆಚೆಯಿಂದ ಓಡಿಬಂದು ನುಜ್ಹತ ಬುಟ್ಟಿ ಒಡ್ಡುವಷ್ಟರಲ್ಲಿ ಬೊಗಸೆ ಬೊಗಸೆ ಅನ್ನ ಮಣ್ಣುಪಾಲಾಗಿತ್ತು, ತೌಫೀಕನ ಪಾದ ಸುಟ್ಟಿತ್ತು.

ಅವನು ಕುಂಟುತ್ತ ಚಾಚಾನ ಬಳಿ ಹೋದ. ಇನ್ನು ತನ್ನ ಕೆಲಸ ಹೋಯಿತೆಂದು ಮುದುಕ ತಲೆ ತಗ್ಗಿಸಿದ. ತೌಫೀಕ್ ಅವನ ಕೈಯ ಚಾಕು ತೆಗೆದುಕೊಂಡು, ರಟ್ಟೆ ಹಿಡಿದು ಎಬ್ಬಿಸಿ, ಕುರ್ಚಿಯಲ್ಲಿ ಕೂರಿಸಿದ.

“ಇಲ್ಲೇ ಕೂಡ್ರಿ ಚಾಚಾ. ಯಾರು ಕೆಲಸ ಹೇಳಿದ್ರೂ ಒಲ್ಲೆ ಅನ್ರಿ. ನಾ ಹೇಳಿದ್ರೂ.”

ಆಮೇಲೆ ತಾನೇ ನೆಲಕ್ಕೆ ಕೂತು, ಸುಟ್ಟ ಕಾಲು ಮುಂದೆ ಚಾಚಿಕೊಂಡು, ಉಳಿದ ಉಳ್ಳಾಗಡ್ಡಿ ಸುಲಿಯತೊಡಗಿದ.